ಝೀರೋ ಎಸ್ಕೇಪ್: ದ ನೊನರಿ ಗೇಮ್ಸ್ – ಎರಡು ಮಳೆಗಾಲ ಆಡಿದ ಮೇಲೆ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. ಮೆಣಸಿನಕಾಯಿ ಸೀಸನ್ ಜೋರಾಗಿದ್ದಾಗ ಗೇಮ್‌ನ ನೆನಪೂ ಬರುವುದಿಲ್ಲ. ಮಳೆ ಹಿಡಿದ ಮೇಲೆ ಸಂಜೆ ಕೈ ಖಾಲಿ ಇರುತ್ತದೆ. ಹೋದ ಮಳೆಗಾಲದಲ್ಲಿ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಸೇಲ್ ನೋಡಿ, ಕಥೆ ಓದುತ್ತಾ ಪಜಲ್ ಬಿಡಿಸುವ ಈ ನೊನರಿ ಗೇಮ್ಸ್ ಕೊಂಡೆ. ಈ ಮಳೆಗಾಲವೂ ಅದರಲ್ಲೇ ಹೋಯಿತು.

ಕೊಂಡರೆ ಎರಡು ಗೇಮ್ ಒಟ್ಟಿಗೆ ಸಿಗುತ್ತವೆ. ಮೊದಲನೆಯದನ್ನು ಎಲ್ಲರೂ 999 ಅಂತಾರೆ. 2009ರಲ್ಲಿ ಜಪಾನಿನಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್‌ಗೆ ಬಂದದ್ದು. ಎರಡನೆಯದು 2012ರ ವರ್ಚೂಸ್ ಲಾಸ್ಟ್ ರಿವಾರ್ಡ್. ಎರಡರ ಕಥೆ, ನಿರ್ದೇಶನ ಕೊಟಾರೊ ಉಚಿಕೋಶಿ ಅವರದು. 2017ರಲ್ಲಿ ಎರಡನ್ನೂ ಸೇರಿಸಿ ಪಿಸಿಗೆ, ಪಿಎಸ್4, ವೀಟಾ ಅನ್ನುವ ಗೇಮ್ ಯಂತ್ರಗಳಿಗೆ ತಂದರು. ನನ್ನದು ಪಿಸಿ ಆವೃತ್ತಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೇ ಆರಾಮಾಗಿ ಓಡುತ್ತದೆ.

ಕಥೆ ಎಷ್ಟು ಹೇಳಬಹುದೋ ಅಷ್ಟೇ ಹೇಳುತ್ತೇನೆ. ಜುನ್‌ಪೇ ಅನ್ನುವ ಹುಡುಗ ಹಡಗಿನ ಒಂದು ಕೋಣೆಯಲ್ಲಿ ಎಚ್ಚರಾಗುತ್ತಾನೆ. ಕಿಟಕಿ ಒಡೆದು ನೀರು ನುಗ್ಗುತ್ತದೆ. ಬಾಗಿಲ ಮೇಲೆ 5 ಅಂತ ಬರೆದಿದೆ, ಅವನ ಮಣಿಕಟ್ಟಿನಲ್ಲಿ ಬಿಚ್ಚಲಾಗದ ಗಡಿಯಾರದಂಥ ಪಟ್ಟಿ, ಅದರಲ್ಲೂ 5. ಹೊರಗೆ ಬಂದರೆ ಅವನ ಹಾಗೇ ಇನ್ನೂ ಎಂಟು ಜನ, ಒಬ್ಬೊಬ್ಬರಿಗೆ ಒಂದೊಂದು ಅಂಕಿ, 1ರಿಂದ 9ರವರೆಗೆ. ಒಂಬತ್ತು ಗಂಟೆಯೊಳಗೆ 9 ಅಂತ ಬರೆದ ಬಾಗಿಲು ಹುಡುಕಿ ಪಾರಾಗಬೇಕು. ಇವರನ್ನೆಲ್ಲ ಹಿಡಿದು ತಂದವನು ಯಾರು, ಯಾಕೆ ಅನ್ನುವುದೇ ಗುಟ್ಟು.

ನನ್ನನ್ನು ಹಿಡಿದು ಕೂರಿಸಿದ್ದು ಬಾಗಿಲಿನ ನಿಯಮ. ಒಂದು ಬಾಗಿಲಿಗೆ 3ರಿಂದ 5 ಜನ ಹೋಗಬಹುದು. ಹೋಗುವವರ ಅಂಕಿಗಳನ್ನು ಕೂಡಿಸಬೇಕು, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿಸಬೇಕು, ಒಂದೇ ಅಂಕಿ ಉಳಿಯುವವರೆಗೆ. ಆ ಅಂಕಿ ಬಾಗಿಲಿನ ಅಂಕಿಗೆ ಸರಿಹೋದರೆ ಮಾತ್ರ ದಾರಿ. 3, 4, 7 ಸೇರಿದರೆ 14, ಅಂದರೆ 5. ಒಳಗೆ ಹೋದ ಮೇಲೆ 81 ಸೆಕೆಂಡಿನೊಳಗೆ ಎಲ್ಲರೂ ಅಲ್ಲಿರುವ ಒಂದು ಯಂತ್ರಕ್ಕೆ ಕೈ ಒತ್ತಬೇಕು. ಇಲ್ಲದಿದ್ದರೆ ಹೊಟ್ಟೆಯೊಳಗಿನ ಬಾಂಬು ಸಿಡಿಯುತ್ತದೆ.

ಲೆಕ್ಕ ಬರೆಯುವವರಿಗೆ ಒಂಬತ್ತರ ಈ ಆಟ ಹೊಸದೇನಲ್ಲ. ಖಾತೆ ಕೂಡದೇ ಇದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತೇವೆ. ಶೇಷ ಇಲ್ಲದೆ ಹೋದರೆ ಎಲ್ಲೋ ಅಂಕಿ ಹಿಂದೆಮುಂದೆ ಆಗಿರಬಹುದು ಅಂತ ಅನುಮಾನ. 540 ಬರೆಯಬೇಕಾದಲ್ಲಿ 450 ಬರೆದರೆ 90 ಕಡಿಮೆ ಬೀಳುತ್ತದಲ್ವಾ, ಹಾಗೆ. ಅದೇ ಗುಣವನ್ನು ಇಲ್ಲಿ ಪ್ರಾಣಕ್ಕೆ ತಂದು ಕಟ್ಟಿದ್ದಾರೆ. ಒಂದು ಗುಂಪಿಗೆ 9ನೇ ಅಂಕಿಯವನು ಸೇರಿದರೂ ಬಿಟ್ಟರೂ ಉತ್ತರ ಬದಲಾಗುವುದಿಲ್ಲ. ಇದು ಹೊಳೆದ ಕ್ಷಣ ನಾನು ಗೇಮ್ ನಿಲ್ಲಿಸಿ ಹಾಳೆ ತೆಗೆದುಕೊಂಡೆ.

ಶುರುವಿನಲ್ಲೇ ಒಬ್ಬ ಸಾಯುತ್ತಾನೆ. ಉಳಿದ ಎಂಟು ಜನರ ಮುಂದೆ 4 ಮತ್ತು 5 ಅನ್ನುವ ಎರಡು ಬಾಗಿಲು. 1ರಿಂದ 8ರ ಮೊತ್ತ 36, ಅಂದರೆ 9. ಬಾಗಿಲುಗಳನ್ನು ಕೂಡಿದರೂ 9. ಯಾರೂ ಹೊರಗೆ ಉಳಿಯದ ಹಾಗೆ ಗುಂಪು ಮಾಡಬಹುದು. ಉದಾಹರಣೆಗೆ 4, 5, 6, 7 ಸೇರಿದರೆ 22, ಅದು 4. ಉಳಿದ 1, 2, 3, 8 ಸೇರಿದರೆ 14, ಅದು 5. ಮುಂದಿನ ಬಾಗಿಲುಗಳಲ್ಲಿ ಲೆಕ್ಕ ಇಷ್ಟು ಸಲೀಸಾಗಿ ಕೂಡುವುದಿಲ್ಲ. ಯಾರನ್ನಾದರೂ ಬಿಟ್ಟು ಹೋಗುವ ಮಾತು ಬರುತ್ತದೆ. ಅಲ್ಲಿಂದ ಜನ ಒಬ್ಬರನ್ನೊಬ್ಬರು ನೋಡುವ ರೀತಿಯೇ ಬೇರೆಯಾಗುತ್ತದೆ. ಬೇಕಾದವರ ಜೊತೆ ಹೋಗೋಣ ಅಂದರೆ ಅಂಕಿ ಬಿಡುವುದಿಲ್ಲ, ಅಂಕಿ ಹೇಳಿದವರ ಜೊತೆ ಹೋಗೋಣ ಅಂದರೆ ನಂಬಿಕೆ ಬರುವುದಿಲ್ಲ.

ಕೋಣೆಯೊಳಗಿನ ಪಜಲ್‌ಗಳು ಅಷ್ಟು ಕಷ್ಟವಲ್ಲ. ಡ್ರಾಯರ್ ತೆಗೆ, ಕೀ ಹುಡುಕು, ಎರಡು ವಸ್ತು ಜೋಡಿಸು, ಬೀಗ ತೆಗೆ. ತಡವಾದರೆ ಜೊತೆಗಿದ್ದವರೇ ಸುಳಿವು ಕೊಡುತ್ತಾರೆ, ಕೆಲವು ಸಲ ಜಾಸ್ತಿಯೇ ಕೊಡುತ್ತಾರೆ. ಹದಿನಾರರ ಎಣಿಕೆಯ ಪಜಲ್ ಮಾತ್ರ ನನ್ನನ್ನು ಸ್ವಲ್ಪ ಹೊತ್ತು ಕಟ್ಟಿಹಾಕಿತ್ತು. ಅದರಲ್ಲಿ ಹತ್ತು ಅಂದರೆ ಎ, ಹದಿನೈದು ಅಂದರೆ ಎಫ್. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗಳು ರಜೆಗೆ ಬಂದಿದ್ದಳು. "ಇಷ್ಟಕ್ಕ ತಲಿ ಕೆಡಿಸ್ಕೊಂಡಿ ಏನ ಮಾಮಾ?" ಅಂತ ನಕ್ಕು ಪಕ್ಕದಲ್ಲಿ ಕೂತಳು. ಆಮೇಲೆ ಏಳಲೇ ಇಲ್ಲ.

ಅವಳು ಕೂತದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಇದರಲ್ಲಿ ಓದುವುದು ವಿಪರೀತ. ಧ್ವನಿ ಇಂಗ್ಲಿಷ್ ಅಥವಾ ಜಪಾನಿ, ಬರಹವೂ ಹಾಗೇ. ನನ್ನಂಥ ಕನ್ನಡ ಮಾಧ್ಯಮದವರಿಗೆ ಮೊದಲು ಓದು ನಿಧಾನವಾಗುತ್ತದೆ. ನಾಲ್ಕು ಸಂಜೆ ಕಳೆದರೆ ಒಗ್ಗುತ್ತದೆ. ಒಂದು ಸೆಟ್ಟಿಂಗ್ ಹೇಳಲೇಬೇಕು. 999ರಲ್ಲಿ ಅಡ್ವೆಂಚರ್, ನಾವೆಲ್ ಅಂತ ಎರಡು ಬಗೆ ಇವೆ. ಅಡ್ವೆಂಚರ್‌ನಲ್ಲಿ ಮಾತು ಮಾತ್ರ ಬಲೂನಿನಲ್ಲಿ ಬರುತ್ತದೆ, ಬೇಗ ಮುಗಿಯುತ್ತದೆ. ನಾವೆಲ್‌ನಲ್ಲಿ ವರ್ಣನೆ ಪೂರ್ತಿ ಸಿಗುತ್ತದೆ. ಇಂಗ್ಲಿಷ್ ಕಷ್ಟ ಅಂತ ಅಡ್ವೆಂಚರ್‌ನಲ್ಲೇ ಓಡಿಸಬೇಡಿ. ಗೇಮ್‌ನ ಅರ್ಧ ಜೀವ ನಾವೆಲ್ ಭಾಗದಲ್ಲಿದೆ. ಯಾಕೆ ಅಂತ ಕೊನೆಗೆ ತಾನೇ ಗೊತ್ತಾಗುತ್ತದೆ.

ಮಾತು ಅಂದೆನಲ್ಲ, ಅದರ ಕಾಟವೂ ಇದೆ. ಅಡುಗೆಮನೆಯ ಫ್ರೀಜರ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಹೆಪ್ಪುಗಟ್ಟಿ ಸಾಯುವ ಸ್ಥಿತಿ. ಅಂಥ ಹೊತ್ತಿನಲ್ಲಿ ಒಬ್ಬಳು ಸಾವಕಾಶವಾಗಿ ಒಂದು ವಿಚಿತ್ರ ಮಂಜುಗಡ್ಡೆಯ ಕಥೆ ಹೇಳುತ್ತಾಳೆ! "ಮೊದಲ ಹೊರಗ ಬರ್ರಿ, ಆಮ್ಯಾಲ ಹೇಳ್ರಿ" ಅಂತ ನಮ್ಮ ಹುಡುಗಿ ಸ್ಕ್ರೀನಿಗೇ ಬೈದಳು. ಇಂಥವು ಬಹಳ ಇವೆ. ಆದರೆ ಸುಮ್ನೆ ಹರಟೆ ಅಂತ ಬಿಟ್ಟುಬಿಟ್ಟ ಮಾತುಗಳೇ ಮುಂದೆ ಕೆಲಸಕ್ಕೆ ಬರುತ್ತವೆ.

ಒಂದು ಸಲ ಆಡಿದರೆ ಗುಟ್ಟು ಬಯಲಾಗುವುದಿಲ್ಲ. ಮೊದಲು ಸಿಗುವ ಕೊನೆ ಬಹುಪಾಲು ಕೆಟ್ಟ ಕೊನೆಯೇ. ಹಿಂದಕ್ಕೆ ಹೋಗಿ ಬೇರೆ ಬಾಗಿಲು ಆರಿಸಬೇಕು. ನಿಜವಾದ ಕೊನೆಗೆ ಮುಟ್ಟಲು ಇನ್ನೊಂದು ಕೊನೆಯನ್ನು ಮೊದಲು ನೋಡಿರಲೇಬೇಕು. ಡಿಎಸ್‌ನಲ್ಲಿ ಪ್ರತಿ ಸಲ ಮೊದಲಿಂದ ಶುರು ಮಾಡಬೇಕಿತ್ತು, ಬಿಡಿಸಿದ ಪಜಲ್ ಮತ್ತೆ ಬಿಡಿಸಬೇಕಿತ್ತು. ಈಗ ಕಥೆಯ ಕವಲುಗಳ ನಕಾಶೆ ಕೊಟ್ಟಿದ್ದಾರೆ, ಬೇಕಾದ ಜಾಗಕ್ಕೆ ನೇರ ಹಾರಬಹುದು. ಕೆಲಸ ಮಾಡಿ ಮನೆಗೆ ಬರುವವರಿಗೆ ಇದು ದೊಡ್ಡ ಉಪಕಾರ. ಡಿಎಸ್‌ನ ಎರಡು ಪರದೆಯನ್ನು ಕಥೆಗೇ ಬಳಸಿಕೊಂಡಿದ್ದರು, ಆ ಚಮತ್ಕಾರದ ಬಿಸಿ ಒಂದೇ ಪರದೆಯಲ್ಲಿ ಸ್ವಲ್ಪ ತಣ್ಣಗಾಗಿದೆ. ಆದರೂ ನನಗೆ ನಕಾಶೆಯೇ ಬೇಕು.

ಎರಡನೆಯ ಗೇಮ್‌ನ ಪಜಲ್‌ಗಳು ನಿಜಕ್ಕೂ ಗಟ್ಟಿ. ಪ್ರತಿ ಕೋಣೆಯಲ್ಲಿ ಒಂದು ತಿಜೋರಿ, ಅದಕ್ಕೆ ಎರಡು ಪಾಸ್‌ವರ್ಡ್. ಹಸಿರು ಹಾಕಿದರೆ ಹೊರಗೆ ಬರುವ ಕೀ ಸಿಗುತ್ತದೆ. ನೀಲಿಯದು ಇನ್ನೂ ಕಷ್ಟ, ಅದಕ್ಕೆ ಕಥೆಯ ಹೆಚ್ಚಿನ ಮಾಹಿತಿ ಇರುವ ಫೈಲ್. ಹೊರಗೆ ಬಂದ ಮೇಲೆ ಎದುರಿನವರನ್ನು ನಂಬು ಇಲ್ಲವೇ ಮೋಸ ಮಾಡು ಅನ್ನುವ ಮತದಾನ. ಇಬ್ಬರೂ ನಂಬಿದರೆ ಇಬ್ಬರಿಗೂ 2 ಅಂಕ. ಒಬ್ಬ ನಂಬಿ ಇನ್ನೊಬ್ಬ ಮೋಸ ಮಾಡಿದರೆ ಮೋಸಗಾರನಿಗೆ 3, ನಂಬಿದವನಿಗೆ 2 ಕಡಿತ. ಇಬ್ಬರೂ ಮೋಸ ಮಾಡಿದರೆ ಏನೂ ಇಲ್ಲ. ಶುರುವಿಗೆ ಎಲ್ಲರ ಹತ್ತಿರ 3 ಅಂಕ. 9 ಆದರೆ ಬಾಗಿಲು ತೆರೆಯಬಹುದು, ಸೊನ್ನೆಗೆ ಬಂದರೆ ಸಾವು. ಮಾರ್ಕೆಟ್‌ನಲ್ಲಿ ಬರೀ ಬಾಯಿಮಾತಿನ ಮೇಲೆ ಉದ್ರಿ ಕೊಡುವುದನ್ನು ದಿನಾ ನೋಡುವ ನನಗೆ ಈ ಪಟ್ಟಿ ಬಹಳ ಹಿಡಿಸಿತು. ಮೋಸ ಒತ್ತಲು ನನಗೆ ಕೈ ಬರುತ್ತಿರಲಿಲ್ಲ. ಅಕ್ಕನ ಮಗಳು ಹಿಂದುಮುಂದು ನೋಡದೆ ಒತ್ತುತ್ತಿದ್ದಳು.

ಆದರೂ ಒಟ್ಟಾರೆ ನನ್ನ ಓಟು ಮೊದಲನೆಯದಕ್ಕೇ. ಎರಡನೆಯದರ 3ಡಿ ಮುಖಗಳು ಬೊಂಬೆ ಥರ ಬಿಗಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ನಕ್ಷೆಯ ಮೇಲೆ ಚುಕ್ಕಿ ತೆವಳುವುದನ್ನು ಪ್ರತಿ ಸಲ ನೋಡಬೇಕು. ಕಥೆ ಉದ್ದ, ಪಾತ್ರಗಳ ಮೇಲೆ ಮೊದಲಿನಷ್ಟು ಕಳಕಳಿ ಹುಟ್ಟುವುದಿಲ್ಲ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಆಡಿ. ಹೆಣಗಳ ವರ್ಣನೆ ಓದಿದರೆ ದೊಡ್ಡವರಿಗೂ ಊಟ ಸೇರುವುದಿಲ್ಲ. ಎರಡನೆಯದನ್ನು ಮೊದಲು ತೆರೆಯಬೇಡಿ, ಮೊದಲನೆಯದರ ಗುಟ್ಟೆಲ್ಲ ಅದರಲ್ಲಿ ರಟ್ಟಾಗುತ್ತದೆ. ಯೂಟ್ಯೂಬ್‌ನಲ್ಲಿ ಹುಡುಕುವುದಂತೂ ಬೇಡವೇ ಬೇಡ, ವಿಡಿಯೋಗಳ ಹೆಸರಿನಲ್ಲೇ ಯಾರು ಏನು ಅಂತ ಬರೆದುಬಿಟ್ಟಿರುತ್ತಾರೆ. 2016ರಲ್ಲಿ ಬಂದ ಮೂರನೆಯ ಭಾಗ ಝೀರೋ ಟೈಮ್ ಡಿಲೆಮಾ ಈ ಜೋಡಿಯಲ್ಲಿ ಸೇರಿಲ್ಲ, ಬೇರೆ ಕೊಳ್ಳಬೇಕು. ನಾನಿನ್ನೂ ಕೊಂಡಿಲ್ಲ. ನಮ್ಮ ನೀಲಿ ಪಾಸ್‌ವರ್ಡ್‌ಗಳು ಕೆಲವು ಬಾಕಿ ಇವೆ, ಗೈಡ್ ನೋಡಲು ಅಕ್ಕನ ಮಗಳು ಬಿಡುತ್ತಿಲ್ಲ.