ಆರು ವರ್ಷದಿಂದ ಕಾಲಡಿಯಲ್ಲಿರುವ ಪೆಟ್ಟಿಗೆ: ಮನೆಯಲ್ಲೇ ಕಟ್ಟಿದ ಓವರ್‌ಡ್ರೈವ್ ಮತ್ತು ಬೂಸ್ಟರ್

ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇಟ್ಟು, ಕಾಲಿನಿಂದ ಒತ್ತಿ ಸ್ವರ ಬದಲಿಸುವ ಈ ಪೆಟ್ಟಿಗೆ, ಅಂದರೆ ಪೆಡಲ್, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 2019ರ ಆಗಸ್ಟ್‌ನಲ್ಲಿ, ಗಣೇಶನ ಹಬ್ಬದ ಕಾರ್ಯಕ್ರಮಗಳು ಶುರುವಾಗುವ ಮುಂಚೆ, ತುಮಕೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನೇ ಬೆಸುಗೆ ಹಾಕಿ ಕಟ್ಟಿದ್ದು. ಒಂದೇ ಅಲ್ಯೂಮಿನಿಯಂ ಪೆಟ್ಟಿಗೆ, ಬಲಗಡೆ ಸ್ವರಕ್ಕೆ ಒಡಕು ಬೆರೆಸುವ ಓವರ್‌ಡ್ರೈವ್, ಎಡಗಡೆ ಸದ್ದು ಹೆಚ್ಚಿಸುವ ಬೂಸ್ಟರ್, ಎರಡಕ್ಕೂ ಬೇರೆ ಬೇರೆ ಕಾಲ್‌ಸ್ವಿಚ್. ನಾನು ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತೇನೆ. ಗಣೇಶೋತ್ಸವ, ನವೆಂಬರ್‌ನ ರಾಜ್ಯೋತ್ಸವ, ಊರ ಜಾತ್ರೆ, ಮದುವೆಯ ಆರತಕ್ಷತೆ, ಎಲ್ಲ ಕಡೆಗೂ ಇದು ನನ್ನ ಜೊತೆ ಬಂದಿದೆ. ಕೋವಿಡ್‌ನಿಂದ ಕಾರ್ಯಕ್ರಮಗಳು ನಿಂತಿದ್ದಾಗ ಮಾತ್ರ ಬೀರುವಿನಲ್ಲಿತ್ತು.

ಆರು ವರ್ಷದಲ್ಲಿ ಇದರ ಸರ್ಕ್ಯೂಟ್ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟದ್ದೆಲ್ಲ ಸ್ವಿಚ್, ಜಾಕ್ ಮತ್ತು ವೈರ್. ಪೆಡಲ್ ಕಟ್ಟಲು ಹೊರಟವರೆಲ್ಲ ಐಸಿ (ಸಿಗ್ನಲ್ ಹಿಗ್ಗಿಸುವ ಚಿಪ್) ಯಾವುದು, ಡಯೋಡ್ (ವಿದ್ಯುತ್ತನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ) ಯಾವುದು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನಾನೂ ತಿಂಗಳುಗಟ್ಟಲೆ ಅದನ್ನೇ ಮಾಡಿದೆ. ಆ ಗಮನದ ಅರ್ಧದಷ್ಟನ್ನು ಸ್ವಿಚ್‌ಗೆ ಕೊಟ್ಟಿದ್ದರೆ ಎರಡು ಕಾರ್ಯಕ್ರಮಗಳಲ್ಲಿ ಮುಖಭಂಗ ತಪ್ಪುತ್ತಿತ್ತು.

ಓವರ್‌ಡ್ರೈವ್ ಭಾಗಕ್ಕೆ ಆರಿಸಿಕೊಂಡದ್ದು 1970ರ ದಶಕದ ಕೊನೆಯಲ್ಲಿ ಜಪಾನಿನಿಂದ ಐಬನೆಜ್ ಹೆಸರಿನಲ್ಲಿ ಬಂದ ಟ್ಯೂಬ್ ಸ್ಕ್ರೀಮರ್‌ನ ಸರ್ಕ್ಯೂಟ್. ಎಂಟು ಕಾಲಿನ 4558 ಐಸಿ ಒಂದು, ಅದರ ಹಿಂದೆ ಮುಂದೆ ಒಂದೊಂದು ಟ್ರಾನ್ಸಿಸ್ಟರ್, ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತ ಎರಡು ಡಯೋಡ್. ಈ ಡಯೋಡ್‌ಗಳು ಇರುವ ಜಾಗದಲ್ಲೇ ಇದರ ಗುಟ್ಟಿದೆ. ಐಸಿಯ ಔಟ್‌ಪುಟ್‌ನಿಂದ ಮರಳಿ ಇನ್‌ಪುಟ್‌ಗೆ ಬರುವ ದಾರಿಯಲ್ಲಿ ಅವು ಕುಳಿತಿರುತ್ತವೆ. ಗಿಟಾರನ್ನು ಜೋರಾಗಿ ಮೀಟಿದಷ್ಟೂ ಅವು ಬಾಗಿಲು ತೆರೆದು ಐಸಿಯ ಗೇನ್ (ಹಿಗ್ಗಿಸುವ ಪ್ರಮಾಣ) ಕುಗ್ಗಿಸುತ್ತವೆ. ಹಾಗಾಗಿ ಅಲೆಯ ನೆತ್ತಿ ಕೊಡಲಿಯಲ್ಲಿ ಕಡಿದಂತೆ ಚಪ್ಪಟೆಯಾಗುವುದಿಲ್ಲ, ಸವೆದು ದುಂಡಗಾಗುತ್ತದೆ. ಮೆಲ್ಲಗೆ ಮೀಟಿದರೆ ಸ್ವರ ಹೆಚ್ಚುಕಡಿಮೆ ಶುದ್ಧವಾಗಿರುತ್ತದೆ, ಒತ್ತಿ ಮೀಟಿದರೆ ಹಲ್ಲು ಕಚ್ಚಿ ಹಾಡಿದಂತೆ ಕೇಳುತ್ತದೆ. ಒಂದೇ ಹಾಡಿನ ಪಲ್ಲವಿಗೂ ಚರಣಕ್ಕೂ ಪೆಡಲ್ ಮುಟ್ಟದೆ ಬೆರಳಿನಲ್ಲೇ ಬಣ್ಣ ಬದಲಿಸಬಹುದು. ಇದಕ್ಕಾಗಿಯೇ ನಾನು ಈ ಸರ್ಕ್ಯೂಟನ್ನು ಬಿಟ್ಟಿಲ್ಲ.

ಬಿಡಿಭಾಗಗಳನ್ನು ತಂದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಮೂಲ ನಕ್ಷೆಯಲ್ಲಿ 51 ಕಿಲೋ ಓಮ್, 510 ಕಿಲೋ ಓಮ್, 51 ಪಿಕೋ ಫ್ಯಾರಡ್ ಎಂದೆಲ್ಲ ಇದೆ. ನಾನು ಹೋದ ಅಂಗಡಿಯಲ್ಲಿದ್ದದ್ದು 47 ಮತ್ತು 470. ಅವುಗಳನ್ನೇ ಹಾಕಿದೆ, ಕಿವಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಟೋನ್‌ಗೆ ಬೇಕಾದ 20 ಕಿಲೋ ಓಮ್‌ನ ವಿಶೇಷ ಪಾಟ್ (ಗುಂಡಿ ತಿರುಗಿಸಿ ಬದಲಿಸುವ ರೆಸಿಸ್ಟರ್) ಬದಲು ಸಾಮಾನ್ಯ 22 ಕಿಲೋ ಓಮ್‌ನ ಲೀನಿಯರ್ ಪಾಟ್ ಬಂತು. ಇದರ ಪರಿಣಾಮ ಮಾತ್ರ ಗೊತ್ತಾಗುತ್ತದೆ: ಗುಂಡಿಯನ್ನು ನಡುವೆ ತಿರುಗಿಸಿದರೆ ಹೆಚ್ಚೇನೂ ಆಗುವುದಿಲ್ಲ, ಎರಡು ತುದಿಗಳಲ್ಲಿ ತಟ್ಟನೆ ಬದಲಾಗುತ್ತದೆ. ಆರು ವರ್ಷದಲ್ಲಿ ಅದು ಕೈಗೆ ಒಗ್ಗಿಹೋಗಿದೆ.

ಮೊದಲ ಪೆಟ್ಟಿಗೆ ಮನೆಯ ವೈರಿಂಗ್‌ಗೆ ಬಳಸುವ ಪ್ಲಾಸ್ಟಿಕ್ ಸ್ವಿಚ್ ಬಾಕ್ಸ್. ಮನೆಯಲ್ಲಿ ಚೆನ್ನಾಗಿಯೇ ಕೇಳಿಸಿತು. ವೇದಿಕೆಯಲ್ಲಿ ಬಣ್ಣದ ದೀಪಗಳು ಹತ್ತಿದ ಕೂಡಲೇ ಸ್ಪೀಕರ್ ತುಂಬ ಗುಂಯ್‌ಗುಟ್ಟುವ ಸದ್ದು. ಒಡಕಿನ ಪ್ರಮಾಣ ಬದಲಿಸುವ ಡ್ರೈವ್ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಈ ಸರ್ಕ್ಯೂಟ್ ಸಿಗ್ನಲ್ಲನ್ನು ನೂರು ಪಟ್ಟಿಗಿಂತ ಹೆಚ್ಚು ಹಿಗ್ಗಿಸುತ್ತದೆ. ಗಿಟಾರಿನ ಸ್ವರವನ್ನು ಹಿಗ್ಗಿಸುವಂತೆಯೇ ಗಾಳಿಯಲ್ಲಿ ಬಂದ ಗದ್ದಲವನ್ನೂ ಹಿಗ್ಗಿಸುತ್ತದೆ. ಅದೇ ವಾರ ಅಲ್ಯೂಮಿನಿಯಂ ಪೆಟ್ಟಿಗೆ ತಂದು, ಅದನ್ನು ಗ್ರೌಂಡ್‌ಗೆ ಸೇರಿಸಿ, ಇಡೀ ಬೋರ್ಡನ್ನು ಅದರೊಳಕ್ಕೆ ವರ್ಗಾಯಿಸಿದೆ. ಗುಂಯ್‌ಗುಟ್ಟುವಿಕೆ ಬಹುಪಾಲು ಅಡಗಿತು. ಲೋಹದ ಪೆಟ್ಟಿಗೆಯ ವಿಷಯದಲ್ಲಿ ಕಾಸು ಉಳಿಸಲು ಹೋಗಬೇಡಿ.

ಬೂಸ್ಟರ್‌ನ ಕಥೆ ಸ್ವಲ್ಪ ಉದ್ದ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಎಲೆಕ್ಟ್ರೋ-ಹಾರ್ಮೊನಿಕ್ಸ್ ಹೊರತಂದ ಎಲ್‌ಪಿಬಿ-1 ಎಂಬ ಒಂದೇ ಟ್ರಾನ್ಸಿಸ್ಟರಿನ ಬೂಸ್ಟರ್ ಬಹಳ ಸರಳ, ಬಿಡಿಭಾಗಗಳನ್ನು ಬೆರಳಲ್ಲಿ ಎಣಿಸಬಹುದು. ಅದನ್ನೇ ಬಿಸಿ549 ಟ್ರಾನ್ಸಿಸ್ಟರ್ ಬಳಸಿ ಮಾಡಿದೆ. ಮೊದಲ ದಿನ ಸದ್ದು ಹೆಚ್ಚುವ ಬದಲು ಕ್ಷೀಣವಾಗಿ ಒಡೆದು ಬಂತು. ನಕ್ಷೆಯಲ್ಲಿದ್ದ 2ಎನ್5088ರ ಕಾಲುಗಳ ಕ್ರಮಕ್ಕೂ ಬಿಸಿ549ರ ಕ್ರಮಕ್ಕೂ ಕನ್ನಡಿಯಲ್ಲಿ ನೋಡಿದಷ್ಟು ವ್ಯತ್ಯಾಸ; ಎಮಿಟರ್ ಇರಬೇಕಾದ ಕಡೆ ಕಲೆಕ್ಟರ್ ಕುಳಿತಿತ್ತು. ತಿರುಗಿಸಿ ಹಾಕಿದ ಮೇಲೆ ಕಲೆಕ್ಟರ್‌ನಲ್ಲಿ ಮೀಟರ್ 4.4 ವೋಲ್ಟ್ ತೋರಿಸಿತು. 9 ವೋಲ್ಟಿನ ಅರ್ಧದ ಹತ್ತಿರ, ಇರಬೇಕಾದ ಹಾಗೆಯೇ ಇತ್ತು.

ಆದರೂ ವೇದಿಕೆಯಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ನಮ್ಮ ತಂಡದಲ್ಲಿ ಕೀಬೋರ್ಡ್ ನುಡಿಸುವ ಅಣ್ಣ ಕಾರ್ಯಕ್ರಮ ಮುಗಿದ ಮೇಲೆ ಕೇಳಿದರು: "ಸೋಲೋ ಬಂದಾಗ ನೀನು ಸ್ವಿಚ್ ಒತ್ತುವುದು ಕಾಣುತ್ತದೆ, ಗಿಟಾರ್ ಮಾತ್ರ ಮುಂದಕ್ಕೆ ಬರುವುದಿಲ್ಲವಲ್ಲ ತಮ್ಮಾ?" ಅವರು ಹೇಳಿದ್ದು ನಿಜವಾಗಿತ್ತು. ತಪ್ಪು ಆ ಬೂಸ್ಟರಿನದಲ್ಲ, ಅದನ್ನು ಇಟ್ಟ ಜಾಗದ್ದು. ಗಿಟಾರಿನಿಂದ ನೇರವಾಗಿ ಬರುವ ಸಣ್ಣ ಸಿಗ್ನಲ್ಲನ್ನು ಇಪ್ಪತ್ತು ಪಟ್ಟಿಗೂ ಹೆಚ್ಚಿಸಿ ಆಂಪ್ಲಿಫೈಯರನ್ನು ದಬ್ಬುವುದು ಅದರ ಕಸುಬು. ನಾನು ಅದನ್ನು ಓವರ್‌ಡ್ರೈವ್‌ ಆದ ನಂತರ ಇಟ್ಟಿದ್ದೆ. ಮೊದಲೇ ಕೊಬ್ಬಿದ ಸಿಗ್ನಲ್ ಅಲ್ಲಿ 9 ವೋಲ್ಟಿನ ಸೂರಿಗೆ ತಲೆ ಬಡಿಯುತ್ತಿತ್ತು. ಜೋರು ಹೆಚ್ಚದೆ ಒಡಕು ಮಾತ್ರ ಹೆಚ್ಚುತ್ತಿತ್ತು. ಓವರ್‌ಡ್ರೈವ್‌ಗಿಂತ ಮೊದಲು ಇಟ್ಟರೆ ಸ್ವರ ಗಟ್ಟಿಯಾಗಿ ಎಳೆದಷ್ಟೂ ನಿಲ್ಲುತ್ತದೆ, ಅದೂ ಚೆಂದವೇ, ಆದರೆ ಡಯೋಡ್‌ಗಳು ಹಿಡಿದಿಟ್ಟಿರುವುದರಿಂದ ಆಗಲೂ ಸದ್ದು ಹೆಚ್ಚುವುದಿಲ್ಲ.

ಲಾಕ್‌ಡೌನ್‌ನಲ್ಲಿ ಆ ಭಾಗವನ್ನು ಕಿತ್ತು ಹೊಸದಾಗಿ ಮಾಡಿದೆ. ಟಿಎಲ್071 ಐಸಿ, 10 ಕಿಲೋ ಓಮ್‌ನ ರೆಸಿಸ್ಟರ್, 47 ಕಿಲೋ ಓಮ್‌ನ ಪಾಟ್. ಒಂದರಿಂದ ಹೆಚ್ಚೆಂದರೆ 5.7 ಪಟ್ಟು ಗೇನ್. ನಾನು ಎರಡು ಪಟ್ಟಿನ ಹತ್ತಿರ, ಅಂದರೆ 6 ಡೆಸಿಬೆಲ್‌ನಲ್ಲಿ ಇಟ್ಟು ಗುಂಡಿಯ ಮೇಲೆ ಟೇಪ್ ಅಂಟಿಸಿಬಿಟ್ಟಿದ್ದೇನೆ. ಡೋಲಕ್, ರಿದಂ ಪ್ಯಾಡ್, ಎರಡು ಕೀಬೋರ್ಡ್ ಎಲ್ಲ ಸೇರಿ ನುಡಿಯುವಾಗಲೂ ಸೋಲೋದ ಮೊದಲ ಸ್ವರ ಈಗ ಕೊನೆಯ ಸಾಲಿನ ಕುರ್ಚಿಯವರೆಗೆ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಪೆಟ್ಟಿಗೆಯ ಅರ್ಧ ಬೆಲೆ ಈ 6 ಡೆಸಿಬೆಲ್‌ನಲ್ಲಿದೆ.

ಐಸಿಗಳನ್ನು ಬದಲಿಸಿ ನೋಡಿದ್ದೂ ಉಂಟು. ಬೆಸುಗೆ ಹಾಕದೆ ಸಾಕೆಟ್‌ನಲ್ಲಿ ಕೂರಿಸಿದ್ದರಿಂದ 4558, ಟಿಎಲ್072, ಎನ್ಇ5532 ಮೂರನ್ನೂ ಒಂದೊಂದು ತಿಂಗಳು ಬಳಸಿದೆ. ಗೆಳೆಯನೊಬ್ಬ ನನಗೆ ಕಾಣದಂತೆ ಬದಲಿಸಿ ಕೊಟ್ಟಾಗ ಯಾವುದು ಯಾವುದೆಂದು ಹೇಳಲು ಆಗಲಿಲ್ಲ. ಡಯೋಡ್ ಬದಲಿಸಿದರೆ ಮಾತ್ರ ಯಾರಿಗಾದರೂ ತಿಳಿಯುತ್ತದೆ. ಈಗಿರುವ 1ಎನ್4148 ಡಯೋಡ್‌ಗಳ ಜಾಗದಲ್ಲಿ ಕೆಂಪು ಎಲ್ಇಡಿ ಹಾಕಿದರೆ ಸದ್ದು ಜೋರಾಗುತ್ತದೆ, ಒತ್ತಡ ಕಡಿಮೆಯಾಗಿ ಸ್ವರ ಬಿಡುಬೀಸಾಗುತ್ತದೆ.

ಇನ್ನೊಂದು ಪ್ರಯೋಗ ನನಗೆ ಬಹಳ ಕಲಿಸಿತು. ಟ್ಯೂಬ್ ಸ್ಕ್ರೀಮರ್‌ನಲ್ಲಿ 4.7 ಕಿಲೋ ಓಮ್‌ನ ರೆಸಿಸ್ಟರಿಗೂ 0.047 ಮೈಕ್ರೋ ಫ್ಯಾರಡ್‌ನ ಕಂಡೆನ್ಸರಿಗೂ ಜೋಡಿ. ಇವೆರಡೂ ಸೇರಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಕಡಿಮೆ ಗೇನ್ ಕೊಡುತ್ತವೆ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಇದು ತೆಳ್ಳಗೆ ಅನ್ನಿಸುತ್ತದೆ. ನಾನು ಕಂಡೆನ್ಸರನ್ನು 0.1ಕ್ಕೆ ಏರಿಸಿ ಆ ಗಡಿಯನ್ನು 340 ಹರ್ಟ್ಸ್‌ಗೆ ಇಳಿಸಿದೆ. ಮಲಗುವ ಕೋಣೆಯಲ್ಲಿ ಗಿಟಾರ್ ತುಂಬಿ ಬಂತು. ವೇದಿಕೆಯಲ್ಲಿ ಬೇಸ್ ಗಿಟಾರ್, ಕೀಬೋರ್ಡಿನ ಎಡಗೈ, ಡೋಲಕ್ಕಿನ ಎಡಮುಖ, ಇಷ್ಟರ ನಡುವೆ ಕೆಸರಾಯಿತು. ಮಾರನೆಯ ದಿನವೇ ಹಳೆಯದನ್ನು ಹಾಕಿದೆ. ಆ ತೆಳುವಿನಿಂದಲೇ ಗಿಟಾರಿಗೆ ತಂಡದೊಳಗೆ ತನ್ನ ಜಾಗ ಸಿಗುತ್ತದೆ.

ಇನ್ನು ಕೈಕೊಟ್ಟ ಸಂಗತಿಗಳು. 3ಪಿಡಿಟಿ ಎಂಬ ಒಂಬತ್ತು ಕಾಲಿನ ಕಾಲ್‌ಸ್ವಿಚ್ ಮೊದಲ ಬಾರಿ ಹೋದದ್ದು ರಾಜ್ಯೋತ್ಸವದ ಒಂದು ರಾತ್ರಿ, ಸೋಲೋಗೆ ಎರಡು ಸಾಲು ಬಾಕಿ ಇರುವಾಗ. ಒತ್ತಿದೆ, ಟಕ್ ಎಂದಿತು, ಎಲ್ಇಡಿ ಹತ್ತಿತು, ಸದ್ದು ಮಾತ್ರ ಪೂರ್ತಿ ನಿಂತಿತು. ಮತ್ತೆ ಒತ್ತಿದರೂ ಇಲ್ಲ. ಬಗ್ಗಿ ಗಿಟಾರಿನ ಕೇಬಲ್ಲನ್ನು ಪೆಡಲಿನಿಂದ ಕಿತ್ತು ಆಂಪ್‌ಗೆ ಚುಚ್ಚುವಷ್ಟರಲ್ಲಿ ಕೀಬೋರ್ಡ್ ಅಣ್ಣ ನನ್ನ ಸೋಲೋವನ್ನು ತಾವೇ ನುಡಿಸಿ ಮುಗಿಸಿದ್ದರು. ಮನೆಗೆ ಬಂದು ಸ್ವಿಚ್ ಬಿಚ್ಚಿ ನೋಡಿದೆ. ಒಂದು ಕಾಲಿನ ಬುಡದಲ್ಲಿ ಪ್ಲಾಸ್ಟಿಕ್ ಕರಗಿ, ಕಾಲು ಕೂದಲೆಳೆಯಷ್ಟು ಒಳಗೆ ಸರಿದಿತ್ತು. ಕಟ್ಟುವಾಗ ಸೋಲ್ಡರಿಂಗ್ ಐರನ್ನನ್ನು ಅಲ್ಲಿ ಬಹಳ ಹೊತ್ತು ಹಿಡಿದಿದ್ದೆ. ಆ ತಪ್ಪು ಹೊರಬರಲು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಈಗ ಒಂದು ಕಾಲಿಗೆ ಎರಡು ಮೂರು ಸೆಕೆಂಡು ಮಾತ್ರ, ಆಮೇಲೆ ಪಕ್ಕದ ಕಾಲಿಗೆ ಹೋಗದೆ ದೂರದ್ದಕ್ಕೆ ಹೋಗುತ್ತೇನೆ.

ಎರಡನೆಯದು ಜಾಕ್. ನಟ್ ಸಡಿಲವಾಗಿ ಜಾಕ್ ತಿರುಗುತ್ತಿತ್ತು, ಒಳಗಿದ್ದ ಸಿಂಗಲ್ ಸ್ಟ್ರಾಂಡ್ ವೈರ್ ಮುರಿಯಿತು. ಈಗ ಪೂರ್ತಿ ಮಲ್ಟಿ ಸ್ಟ್ರಾಂಡ್ ವೈರ್, ಪ್ರತಿ ನಟ್‌ನ ಕೆಳಗೂ ಹಲ್ಲಿನ ವಾಷರ್. ಅಡಾಪ್ಟರ್ ಬಗ್ಗೆಯೂ ಒಂದು ಮಾತು: ಪೆಡಲ್‌ಗಳಿಗೆ ಸಾಮಾನ್ಯವಾಗಿ ಪಿನ್ನಿನ ನಡುವೆ ನೆಗೆಟಿವ್, ಆದರೆ ಮನೆಯಲ್ಲಿರುವ ಬೇರೆ ಅಡಾಪ್ಟರ್‌ಗಳಲ್ಲಿ ಬಹುತೇಕ ತಿರುಗುಮುರುಗು. ಒಳಗೆ 1ಎನ್5817 ಡಯೋಡ್ ಹಾಕಿದ್ದರಿಂದ ಒಮ್ಮೆ ತಪ್ಪು ಅಡಾಪ್ಟರ್ ಚುಚ್ಚಿದಾಗ ಐಸಿ ಉಳಿಯಿತು.

ಕೊರತೆ ಒಂದಿದೆ, ಅದು ಸಣ್ಣದಲ್ಲ. ಆಂಪ್ ಇಲ್ಲದ ವೇದಿಕೆಯಲ್ಲಿ ಇದನ್ನು ನೇರವಾಗಿ ಸೌಂಡ್ ಮಿಕ್ಸರ್‌ಗೆ ಕೊಟ್ಟರೆ ಸ್ವರ ಡಬ್ಬದೊಳಗೆ ಜೀರುಂಡೆ ಕೂಗಿದಂತೆ ಇರುತ್ತದೆ. ಗಿಟಾರ್ ಆಂಪಿನ ಸ್ಪೀಕರ್ ಮೇಲಿನ ಕರ್ಕಶವನ್ನು ನುಂಗಿಕೊಳ್ಳುತ್ತದೆ, ಮಿಕ್ಸರ್ ನುಂಗುವುದಿಲ್ಲ. ನಮ್ಮ ಕಡೆಯ ಅರ್ಧಕ್ಕಿಂತ ಹೆಚ್ಚು ಕಾರ್ಯಕ್ರಮಗಳಲ್ಲಿ ಆಂಪ್ ಇರುವುದಿಲ್ಲ. ಅಂಥ ಕಡೆಗಳಲ್ಲಿ ಇದಾದ ನಂತರ ಸ್ಪೀಕರ್ ಕ್ಯಾಬಿನೆಟ್ಟನ್ನು ಅನುಕರಿಸುವ ಇನ್ನೊಂದು ಪೆಟ್ಟಿಗೆ ಬೇಕೇಬೇಕು. ಒಂದೇ ಪೆಡಲ್ ಕೊಳ್ಳುವ ಶಕ್ತಿಯಿದ್ದು, ಸದಾ ಮಿಕ್ಸರ್‌ಗೇ ನುಡಿಸುವವರು ಇದನ್ನು ಕಟ್ಟುವ ಬದಲು ಹಲವು ಎಫೆಕ್ಟ್‌ಗಳು ಒಂದರಲ್ಲೇ ಇರುವ ಮಲ್ಟಿ ಎಫೆಕ್ಟ್ಸ್ ಕೊಳ್ಳುವುದು ಒಳ್ಳೆಯದು.

ಖರ್ಚು ಒಟ್ಟು ಎರಡು ಸಾವಿರದ ಇನ್ನೂರು ರೂಪಾಯಿ ಆಯಿತು, ಕೆಟ್ಟುಹೋದವುಗಳನ್ನೂ ಸೇರಿಸಿ. ಅದರಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆ, ಸ್ವಿಚ್, ಜಾಕ್‌ಗಳದ್ದು. ಈಗಿರುವ ಓವರ್‌ಡ್ರೈವ್ ಸ್ವಿಚ್ ಮೂರನೆಯದು. ನಾಲ್ಕನೆಯದಕ್ಕೆ ಒಂಬತ್ತೂ ವೈರ್ ಬೆಸುಗೆ ಹಾಕಿ, ಯಾವುದು ಎಲ್ಲಿಗೆ ಎಂದು ಚೀಟಿ ಸುತ್ತಿ, ಪೆಡಲಿನ ತಳದ ಮುಚ್ಚಳದ ಒಳಗೆ ಅಂಟಿಸಿ ಇಟ್ಟಿದ್ದೇನೆ.