ಗ್ರಾಮ ಪಂಚಾಯಿತಿಯಾಗಿ ಉಳಿಯುವುದೇ, ಪಟ್ಟಣ ಪಂಚಾಯಿತಿಯಾಗುವುದೇ?

ಯಾದಗಿರಿ ಜಿಲ್ಲೆಯ ದೊಡ್ಡ ಹಳ್ಳಿಗಳಲ್ಲಿ ಈ ಪ್ರಶ್ನೆ ಎದ್ದಾಗ, ಮೇಲ್ದರ್ಜೆ ಎಂಬ ಮಾತಿಗಿಂತ ಮೊದಲು ಸಿಬ್ಬಂದಿಯನ್ನೂ ಅದರ ಖರ್ಚನ್ನೂ ಲೆಕ್ಕ ಹಾಕಬೇಕು.

ಗ್ರಾಮ ಪಂಚಾಯಿತಿಯ ಆಡಳಿತ ಹಗುರ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಕಾರ್ಯದರ್ಶಿ, ಕರವಸೂಲಿಗಾರ, ನೀರುಗಂಟಿ, ಡೇಟಾ ಎಂಟ್ರಿ ಆಪರೇಟರ್. ಪಟ್ಟಣ ಪಂಚಾಯಿತಿಗೆ ಮುಖ್ಯಾಧಿಕಾರಿ, ಎಂಜಿನಿಯರ್, ಆರೋಗ್ಯ ನಿರೀಕ್ಷಕ, ಕಂದಾಯ ಮತ್ತು ಲೆಕ್ಕಪತ್ರ ಸಿಬ್ಬಂದಿ ಬೇಕು. 700 ಜನರಿಗೊಬ್ಬ ಪೌರಕಾರ್ಮಿಕ ಎಂಬ ಮಾನದಂಡ ಹಿಡಿದರೆ 14,000 ಜನರ ಊರಿಗೆ ಪೌರಕಾರ್ಮಿಕರೇ 20 ಮಂದಿ. ಚರಂಡಿ ತುಂಬಿ ಹರಿಯುವ ಊರಿಗೆ ಈ 20 ಮಂದಿ ದುಂದಲ್ಲ, ಬಹುಕಾಲದ ಬಾಕಿ ಎಂದೇ ನಾನು ನಂಬುತ್ತೇನೆ. ನನ್ನ ಆತಂಕ ಕಚೇರಿಯೊಳಗಿನ ಹುದ್ದೆಗಳ ಬಗ್ಗೆ: ಕರ ವಸೂಲಿ ಬೆಳೆಯದೆ ಮೇಜುಗಳು ಮಾತ್ರ ಬೆಳೆದರೆ, ಬೀದಿದೀಪಕ್ಕೂ ಕುಡಿಯುವ ನೀರಿಗೂ ಉಳಿಯಬೇಕಾದ ಹಣ ಆಡಳಿತ ವೆಚ್ಚದಲ್ಲಿಯೇ ಕರಗಿಹೋಗುತ್ತದೆ.

ಕಳೆದುಕೊಳ್ಳುವುದೂ ಇದೆ. ಗ್ರಾಮೀಣ ಉದ್ಯೋಗ ಖಾತರಿ ಪಟ್ಟಣಕ್ಕೆ ಅನ್ವಯಿಸುವುದಿಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳಿಗೆ ಇದು ಸಣ್ಣ ನಷ್ಟವಲ್ಲ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಯಲ್ಲಿ, ಪಂಚಾಯಿತಿಯ ಲೆಕ್ಕಪತ್ರವನ್ನು ಜನರೆದುರು ಪರಿಶೀಲಿಸಲು ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಎದ್ದು ನಿಂತು ಖರ್ಚಿನ ಲೆಕ್ಕ ಕೇಳುವ ಅವಕಾಶವೂ ಹೋಗುತ್ತದೆ.

1964ರ ಪುರಸಭೆಗಳ ಕಾಯ್ದೆಯಂತೆ ಪಟ್ಟಣ ಪಂಚಾಯಿತಿಗೆ 10,000ದಿಂದ 20,000 ಜನಸಂಖ್ಯೆಯ ಜೊತೆಗೆ, ಕನಿಷ್ಠ ಅರ್ಧದಷ್ಟು ಉದ್ಯೋಗ ಕೃಷಿಯೇತರವಾಗಿರಬೇಕು. ಅಂಗಡಿ, ಗೋದಾಮು, ಬಾಡಿಗೆ ಮನೆಗಳಿಂದ ಕರ ಬರುವ ಹೆದ್ದಾರಿ ಬದಿಯ ಊರಾದರೆ ಪಟ್ಟಣ ಪಂಚಾಯಿತಿಯನ್ನೇ ಆರಿಸಿಕೊಳ್ಳಿ. ತೊಗರಿ, ಹತ್ತಿಯನ್ನೇ ನಂಬಿದ ಊರಾದರೆ ಸದ್ಯ ಗ್ರಾಮ ಪಂಚಾಯಿತಿಯೇ ಇರಲಿ. ಖಾಲಿ ಹುದ್ದೆಗಳನ್ನು ತುಂಬಿಸುವಂತೆ ಜಿಲ್ಲಾ ಪಂಚಾಯಿತಿಯನ್ನು ಒತ್ತಾಯಿಸಿ.