ಮಾತು ಕೇಳುವುದು, ಪ್ರಶ್ನೆ ಕೇಳುವುದು: ವಿಧೇಯತೆ ಕುರಿತ 40 ದಿನಗಳ ಧ್ಯಾನ ಪುಸ್ತಿಕೆಯ ವಿಮರ್ಶೆ

ಕ್ರೈಸ್ತ ಜೀವಿತದಲ್ಲಿ ವಿಧೇಯತೆ ಎಂಬ ಒಂದೇ ವಿಷಯವನ್ನು ಹಿಡಿದು ಸಿದ್ಧಪಡಿಸಿದ 40 ದಿನಗಳ ಧ್ಯಾನ ಪುಸ್ತಿಕೆಯೊಂದನ್ನು, ಅದರೊಂದಿಗೆ ಕೊಡುವ ಧ್ವನಿಮುದ್ರಿತ ಪ್ರಾರ್ಥನೆಗಳ ಸಹಿತ, ಒಂದು ದಿನವನ್ನೂ ಬಿಡದೆ ಬಳಸಿ ಮುಗಿಸಿದ್ದೇನೆ. ಪುಸ್ತಿಕೆಯ ಹೆಸರನ್ನಾಗಲಿ ಪ್ರಕಾಶಕರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಇದೇ ಧಾಟಿಯ ಪುಸ್ತಿಕೆಗಳು ಬೇರೆಯೂ ಇರುವುದರಿಂದ, ಕೊಳ್ಳುವ ಮುನ್ನ ಏನನ್ನು ನೋಡಬೇಕೆಂಬುದು ತಿಳಿದರೆ ಸಾಕು.

ಎಡಪುಟದಲ್ಲಿ ಆ ದಿನದ ವಚನಭಾಗ ಮತ್ತು ಸಣ್ಣ ವಿವರಣೆ, ಬಲಪುಟದಲ್ಲಿ ಬರೆಯಲು ಗೆರೆಗಳು, ಅದರ ಕೆಳಗೆ ‘ಇಂದು ವಿಧೇಯನಾದೆ’ ಎಂಬ ಸಾಲಿನ ಎದುರು ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳು. ಪ್ರತಿ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಪ್ರಶ್ನಿಸಬೇಡಿ, ವಿಧೇಯರಾಗಿ’ ಎಂಬ ಮಾತು ಅಚ್ಚಾಗಿದೆ. ಪುಸ್ತಿಕೆಯ ಶಕ್ತಿಯೂ ದೋಷವೂ ಈ ಮಾತಿನಲ್ಲೇ ಇವೆ.

ಮೊದಲು ಶಕ್ತಿಯ ವಿಷಯ. ವಿಧೇಯತೆಯನ್ನು ದೊಡ್ಡ ತ್ಯಾಗದ ಮಾತಾಗಿ ಹಿಗ್ಗಿಸದೆ, ದಿನಕ್ಕೊಂದು ಸಣ್ಣ ಕೆಲಸವಾಗಿ ಕೈಗಿಡುವುದರಲ್ಲಿ ಈ ಪುಸ್ತಿಕೆಯನ್ನು ಮೀರಿಸುವಂಥದ್ದನ್ನು ನಾನು ಕಂಡಿಲ್ಲ. ನಾಮಾನನ ಕಥೆಯ (2 ಅರಸುಗಳು 5) ವಿವರಣೆ ಇದಕ್ಕೆ ತಕ್ಕ ಪೀಠಿಕೆ. ತನ್ನ ಕುಷ್ಠ ವಾಸಿಯಾಗಲು ಪ್ರವಾದಿ ಯಾವುದಾದರೂ ಕಷ್ಟದ ಕೆಲಸವನ್ನು ಹೇಳಿದ್ದರೆ ಮಾಡುತ್ತಿದ್ದ ಆ ಸೇನಾಪತಿಗೆ ಯೊರ್ದನ್ ನದಿಯಲ್ಲಿ 7 ಸಲ ಮುಳುಗೇಳುವುದು ಅವಮಾನವೆನಿಸಿತೆಂದೂ, ಅವನ ಮನಸ್ಸನ್ನು ತಿರುಗಿಸಿದವರು ಅವನ ಸೇವಕರೇ ಎಂದೂ ಲೇಖಕರು ಚೆನ್ನಾಗಿ ತೋರಿಸಿದ್ದಾರೆ. ಅದಾದ ಮೇಲೆ 11ನೆಯ ದಿನದ ಕೆಲಸ: ಮಾತು ಬಿಟ್ಟವರೊಬ್ಬರಿಗೆ ನೀವಾಗಿಯೇ ಕರೆಮಾಡಿ. ನನ್ನ ಅಣ್ಣನೊಂದಿಗೆ ಎರಡು ವರ್ಷಗಳಿಂದ ನನಗೆ ಮಾತಿರಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದು, ಇಟ್ಟು, ಮತ್ತೆ ಹಿಡಿದು, ಕೊನೆಗೆ ಕರೆಮಾಡಿದಾಗ ಆ ಕಡೆಯಿಂದ ಬಂದದ್ದು ‘ಹೇಳೋ’ ಎಂಬ ಒಂದೇ ಮಾತು. ‘ಏನಿಲ್ಲಣ್ಣ, ಸುಮ್ಮನೆ ಮಾಡಿದೆ’ ಎಂದೆ. ಅಲ್ಲಿಗೆ ಜಗಳ ಮುಗಿಯಲಿಲ್ಲ, ಆದರೆ ಮಾತು ಶುರುವಾಯಿತು. ಆ ಹೊತ್ತಿನಲ್ಲಿ ತಪ್ಪು ಯಾರದು, ಮೊದಲು ಮಣಿಯಬೇಕಾದವರು ಯಾರು ಎಂದು ತರ್ಕಕ್ಕೆ ಕುಳಿತಿದ್ದರೆ ನಾನು ಕರೆ ಮಾಡುತ್ತಲೇ ಇರಲಿಲ್ಲ. ಪುಟದ ನೆತ್ತಿಯ ಮೇಲಿನ ಮಾತು ಅಂದು ನನ್ನ ನೆಪಗಳಿಗೆ ಸರಿಯಾಗಿಯೇ ತಡೆ ಹಾಕಿತೆಂದು ಒಪ್ಪಲೇಬೇಕು.

ದೋಷ ಕಾಣಿಸಿಕೊಳ್ಳುವುದು 20ನೆಯ ದಿನ, ಅಬ್ರಹಾಮನ ಕಥೆ ಬಂದಾಗ. ಮಗನನ್ನು ಬಲಿಕೊಡೆಂಬ ದೇವರ ಮಾತಿನಂತೆ ಮೊರೀಯಕ್ಕೆ ಹೊರಟ ಅಬ್ರಹಾಮನು ಒಂದು ಮಾತನ್ನೂ ಎದುರಾಡಲಿಲ್ಲ, ಮುಂಜಾನೆಯೇ ಎದ್ದು ಕತ್ತೆಗೆ ತಡಿ ಹಾಕಿದನು, ನಿಜವಾದ ನಂಬಿಕೆಯೆಂದರೆ ಇದೇ ಎನ್ನುತ್ತದೆ ವಿವರಣೆ. ಆದಿಕಾಂಡ 22ನೆಯ ಅಧ್ಯಾಯದ ಮಟ್ಟಿಗೆ ಇದು ಸರಿ. ಆದರೆ ಇದೇ ಅಬ್ರಹಾಮನು 18ನೆಯ ಅಧ್ಯಾಯದಲ್ಲಿ ನಾಶಕ್ಕೆ ಗುರಿಯಾಗಿದ್ದ ಸೊದೋಮ್ ಪಟ್ಟಣದ ಪರವಾಗಿ ದೇವರ ಮುಂದೆ ನಿಂತು, 50 ಮಂದಿ ನೀತಿವಂತರಿಂದ ಆರಂಭಿಸಿ 45, 40, 30, 20 ಎಂದು ಇಳಿಸುತ್ತಾ 10ಕ್ಕೆ ಬರುವವರೆಗೆ ಆರು ಸಲ ಕೇಳುತ್ತಾನೆ, ಆರು ಸಲವೂ ಉತ್ತರ ಪಡೆಯುತ್ತಾನೆ. 75ನೆಯ ವಯಸ್ಸಿನಲ್ಲಿ ಖಾರಾನನ್ನು ಬಿಟ್ಟು ಹೊರಟ ಕಾಲದಿಂದ ದೇವರೊಂದಿಗೆ ಹೀಗೆ ಮಾತಾಡುತ್ತಾ ಬಂದವನ ಮೌನಕ್ಕೂ, ಬಾಯಿ ತೆರೆಯಲು ಹೆದರುವವನ ಮೌನಕ್ಕೂ ವ್ಯತ್ಯಾಸವಿದೆ. ಮೊರೀಯದ ಮೌನದ ಹಿಂದೆ ಏನಿತ್ತೆಂಬುದನ್ನು ಇಬ್ರಿಯರಿಗೆ ಬರೆದ ಪತ್ರಿಕೆಯೇ (11:19) ತಿಳಿಸುತ್ತದೆ: ಸತ್ತವರೊಳಗಿಂದಲೂ ಮಗನನ್ನು ಎಬ್ಬಿಸಲು ದೇವರು ಸಮರ್ಥನೆಂದು ಅವನು ಎಣಿಸಿಕೊಂಡಿದ್ದನು. ಹಾಗೆ ಎಣಿಸುವವನು ಬುದ್ಧಿಯನ್ನು ಬದಿಗಿಟ್ಟು ಹೊರಟವನಲ್ಲ.

ಯೇಸುವಿನ ತಾಯಿ ಮರಿಯಳ ಪುಟದಲ್ಲಂತೂ ಸಂಪಾದಕರ ಕತ್ತರಿ ಎದ್ದು ಕಾಣುತ್ತದೆ. ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದ 33ನೆಯ ವಚನದಿಂದ ನೇರವಾಗಿ 38ಕ್ಕೆ, ಅಂದರೆ ‘ನಾನು ಕರ್ತನ ದಾಸಿ’ ಎಂಬ ಒಪ್ಪಿಗೆಗೆ, ಜಿಗಿದಿದ್ದಾರೆ. ನಡುವೆ ಬಿಟ್ಟುಹೋದದ್ದು, ಮಗನನ್ನು ಹೆರುವಿ ಎಂಬ ಮಾತು ಕೇಳಿ ಇದು ಹೇಗಾಗುವುದೆಂದು ಆಕೆ ಕೇಳಿದ ಪ್ರಶ್ನೆ ಮತ್ತು ದೇವದೂತ ಗಬ್ರಿಯೇಲನು ಅದಕ್ಕೆ ಸಾವಧಾನವಾಗಿ ಕೊಟ್ಟ ಉತ್ತರ. ಇದೇ ಅಧ್ಯಾಯದಲ್ಲಿ ಮುಪ್ಪಿನಲ್ಲಿ ಮಗನಾಗುವನೆಂಬ ಮಾತಿಗೆ ಪ್ರಶ್ನೆ ಕೇಳಿದ ಯಾಜಕ ಜಕರೀಯನು ಮೂಕನಾದನಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ತೂಕದ್ದೇ. ಆದರೆ ಅವನು ಕೇಳಿದ್ದು ನಂಬಲು ಗುರುತು, ಆಕೆ ಕೇಳಿದ್ದು ನಡೆಯುವ ಬಗೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟಿದ್ದರೆ ಓದುಗರಿಗೆ ಒಂದು ವಾರದ ಧ್ಯಾನಕ್ಕೆ ಸಾಕಾಗುವಷ್ಟು ವಿಷಯವಿತ್ತು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, 40 ದಿನಗಳಲ್ಲಿ ಗೆತ್ಸೇಮನೆಗೆ ಒಂದು ದಿನವೂ ಮೀಸಲಿಲ್ಲ. ಈ ಸಂಕಟದ ಪಾತ್ರೆಯನ್ನು ತೊಲಗಿಸೆಂದು ಯೇಸು ಬೇಡಿಕೊಂಡು, ಆ ಬಳಿಕ ತನ್ನ ಚಿತ್ತವನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದ ಆ ರಾತ್ರಿಯನ್ನು ಬಿಟ್ಟು ವಿಧೇಯತೆಯ ಪಾಠ ಹೇಗೆ ಪೂರ್ಣವಾದೀತೋ ನನಗೆ ತಿಳಿಯದು.

31ನೆಯ ದಿನ ನಾನು ಪುಸ್ತಿಕೆಯನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಷ್ಟು ದಿನ ದೇವರಿಗೆಂದು ಹೇಳಿದ ಮಾತನ್ನು ಅಂದು ಸದ್ದಿಲ್ಲದೆ ಸಭೆಯ ನಾಯಕರಿಗೂ ಹಬ್ಬಿಸಲಾಗಿದೆ: ಅವರ ಮಾತನ್ನೂ ಪ್ರಶ್ನಿಸದೆ ಪಾಲಿಸಬೇಕಂತೆ. ಲೇಖಕರು 1 ಅರಸುಗಳು 13ನೆಯ ಅಧ್ಯಾಯವನ್ನು ಓದಿಸಬೇಕಿತ್ತು. ಊಟ ಮಾಡಬೇಡ, ನೀರು ಕುಡಿಯಬೇಡ, ಬಂದ ದಾರಿಯಲ್ಲಿ ಹಿಂದಿರುಗಬೇಡ ಎಂಬ ಸ್ಪಷ್ಟ ಆಜ್ಞೆ ಪಡೆದಿದ್ದ ದೇವರ ಮನುಷ್ಯನನ್ನು, ದೇವದೂತನು ನನಗೆ ಹೇಳಿದ್ದಾನೆಂಬ ಸುಳ್ಳಿನಿಂದ ಬೇತೇಲಿನ ಮುದಿ ಪ್ರವಾದಿಯೊಬ್ಬನು ಮನೆಗೆ ಕರೆದೊಯ್ದು ಉಣಿಸುತ್ತಾನೆ. ಹಿಂದಿರುಗುವ ದಾರಿಯಲ್ಲಿ ಸಿಂಹವು ದೇವರ ಮನುಷ್ಯನನ್ನು ಕೊಲ್ಲುತ್ತದೆ. ಹಿರಿಯನ ಮಾತನ್ನು ಪರೀಕ್ಷಿಸದೆ ನಂಬಿದ್ದೇ ಅಲ್ಲಿ ಅವಿಧೇಯತೆಯಾಯಿತು. ಪೌಲನ ಬೋಧನೆಯನ್ನು ಕೇಳಿಯೂ, ಅದು ಹೌದೋ ಅಲ್ಲವೋ ಎಂದು ಶಾಸ್ತ್ರಗಳನ್ನು ದಿನವೂ ಶೋಧಿಸಿದ ಬೆರೋಯದವರನ್ನು ಅಪೊಸ್ತಲರ ಕೃತ್ಯಗಳು (17:11) ಹೊಗಳುತ್ತದೆಯೇ ಹೊರತು ತೆಗಳುವುದಿಲ್ಲ. ಮುಂದಿನ ಮುದ್ರಣದಲ್ಲಿ ಈ ಒಂದು ಪುಟವನ್ನು ಕಿತ್ತುಹಾಕಿದರೂ ನಷ್ಟವಿಲ್ಲ.

ವಿಚಿತ್ರವೆಂದರೆ, ಪುಸ್ತಿಕೆ ಬೇರ್ಪಡಿಸಲು ಹೊರಟಿರುವ ಎರಡು ಸಂಗತಿಗಳನ್ನು ನಮ್ಮ ಭಾಷೆ ಒಂದೇ ಕ್ರಿಯಾಪದದಲ್ಲಿ ಕಟ್ಟಿಟ್ಟಿದೆ. ಹೀಬ್ರೂ ಭಾಷೆಯ ‘ಶಾಮಾ’ ಎಂಬ ಪದಕ್ಕೆ ಕಿವಿಗೊಡುವುದು, ವಿಧೇಯನಾಗುವುದು ಎರಡೂ ಅರ್ಥಗಳಿವೆ. ಕನ್ನಡದ ‘ಕೇಳು’ ಇನ್ನೂ ಒಂದು ಹೆಜ್ಜೆ ಮುಂದಿದೆ: ದನಿಯನ್ನೂ ಕೇಳುತ್ತೇವೆ, ಮಾತನ್ನೂ ಕೇಳುತ್ತೇವೆ, ಪ್ರಶ್ನೆಯನ್ನೂ ಕೇಳುತ್ತೇವೆ. 31ನೆಯ ದಿನದ ಕೆಳಗಿನ ಎರಡು ಚೌಕಗಳನ್ನೂ ಖಾಲಿ ಬಿಟ್ಟು, ಅವುಗಳ ನಡುವೆ ‘ಕೇಳುತ್ತಿದ್ದೇನೆ’ ಎಂದು ಬರೆದಿಟ್ಟೆ.

ಧ್ವನಿಮುದ್ರಣದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಓದುವ ದನಿ ಹಿತವಾಗಿದೆ, ಹಿನ್ನೆಲೆ ಸಂಗೀತ ಅನಗತ್ಯ. ಕಾಗದ ತೆಳು, ಶಾಯಿಯ ಪೆನ್ನಿನಲ್ಲಿ ಬರೆದರೆ ಹಿಂಬದಿಗೆ ಇಳಿಯುತ್ತದೆ. ಹೊಲಿಗೆ ಮಾತ್ರ ಗಟ್ಟಿಯಾಗಿದ್ದು, 40 ದಿನ ತೆರೆದು ಮುಚ್ಚಿದರೂ ಒಂದು ಹಾಳೆಯೂ ಕಳಚಿಲ್ಲ.

ಒಳ್ಳೆಯ ಕೆಲಸವನ್ನು ನಾಳೆಗೆ ತಳ್ಳುತ್ತಲೇ ಇರುವ ನನ್ನಂಥವರಿಗೆ ಮೊದಲ 19 ದಿನಗಳನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಮುಂದಿನ ದಿನಗಳನ್ನು ಬೈಬಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಕೊಟ್ಟಿರುವ ವಚನಗಳ ಹಿಂದಿನ ಮುಂದಿನ ಭಾಗಗಳನ್ನೂ ಸೇರಿಸಿ ಓದಬೇಕು. ಮಗುವನ್ನು ಕಳೆದುಕೊಂಡವರ ಕೈಗೆ ಇದನ್ನು ಕೊಡುವುದಾದರೆ 20ನೆಯ ದಿನದ ಪುಟವನ್ನು ನೀವು ಮೊದಲೇ ಓದಿ ನೋಡಿ. ನಾನಾದರೆ ಅವರಿಗೆ ಸದ್ಯಕ್ಕೆ ಇದರ ಬದಲು 13ನೆಯ ಕೀರ್ತನೆಯನ್ನು ತೆರೆದುಕೊಡುತ್ತೇನೆ. ಅದು ‘ಎಷ್ಟರ ವರೆಗೆ’ ಎಂಬ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.